ಚಿತ್ರ ಬಿಡಿಸಲು ಬಾರದವರಿಗೂ ಆರ್ಟ್ ಥೆರಪಿ ಆಗುತ್ತಾ?

ಪ್ರಶ್ನೆ: ನಾನು ಹರಿಹರದವಳು. 38 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ದ ನಮ್ಮಪ್ಪ ತೀರಿಕೊಂಡು 14 ತಿಂಗಳಾಯಿತು. ಎಲ್ಲ ಕೆಲಸ ನಾನೇ ನಿಂತು ಮಾಡಿಸಿದೆ. ಆದರೆ ಇವತ್ತಿನವರೆಗೂ ಸರಿಯಾಗಿ ಅತ್ತಿಲ್ಲ. ಎದೆ ಮೇಲೆ ಕಲ್ಲು ಇಟ್ಟ ಹಾಗಿರುತ್ತೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಒಮ್ಮೆ ಕೌನ್ಸೆಲಿಂಗ್‌ಗೆ ಹೋದೆ, ಮಾತೇ ಹೊರಡಲಿಲ್ಲ. ಗೆಳತಿಯೊಬ್ಬಳು ಆರ್ಟ್ ಥೆರಪಿ ಮಾಡಿಸು ಅಂತಿದ್ದಾಳೆ. ನನಗೆ ಒಂದು ಮಾವಿನಹಣ್ಣು ಬಿಡಿಸೋಕೂ ಬರಲ್ಲ. ಇದರಿಂದ ನಿಜವಾಗಿ ಉಪಯೋಗ ಇದೆಯಾ? ಇನ್ನೊಂದು ಮಾತು. ನನ್ನ 9 ವರ್ಷದ ಮಗ ಅಜ್ಜನ ಮನೆಯನ್ನು ಬರೀ ಕಪ್ಪು ಕ್ರೇಯಾನ್‌ನಲ್ಲಿ ಬಿಡಿಸುತ್ತಾನೆ, ಮನೆಗೆ ಬಾಗಿಲು ಬಿಡಿಸುವುದೇ ಇಲ್ಲ. ಭಯ ಆಗುತ್ತೆ. ಅವನ ಕ್ಲಾಸ್ ಟೀಚರ್‌ಗೆ ತೋರಿಸಲಾ?

ಉತ್ತರ: ಮೊದಲು ಅಳುವಿನ ವಿಷಯ. ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಾ ಕೂತಿರುವಾಗ ಒಬ್ಬರು ಮಾತ್ರ ಓಡಾಡುತ್ತಿರುತ್ತಾರೆ. ಆಂಬುಲೆನ್ಸಿನವರಿಗೆ ದುಡ್ಡು ಕೊಡುವುದು, ಊರಿಂದ ಬಂದವರಿಗೆ ಕಾಫಿ ಕಾಸಿ ಕೊಡುವುದು, ಮರಣ ಪತ್ರಕ್ಕೆ ಅರ್ಜಿ, ಬ್ಯಾಂಕಿನ ಪಾಸ್‌ಬುಕ್, ಹನ್ನೊಂದನೇ ದಿನದ ಅಡುಗೆ. ನಿಮ್ಮ ಮನೆಯಲ್ಲಿ ಆ ಒಬ್ಬರು ನೀವೇ ಆಗಿದ್ದಿರಿ. ಆಗ ಅಳು ಬಂದಿದ್ದರೆ ಕೆಲಸ ನಿಂತುಹೋಗುತ್ತಿತ್ತು. ಅದಕ್ಕೇ ಮನಸ್ಸು ಅದನ್ನು ಪಕ್ಕಕ್ಕಿಟ್ಟಿತು. ಆಮೇಲೆ ಶಾಲೆ, ಮಗ, ಮನೆ ಅಂತ ಅದನ್ನು ತೆಗೆದು ನೋಡಲು ಹೊತ್ತೇ ಸಿಗಲಿಲ್ಲ. ಅಳು ಬರಲಿಲ್ಲ ಅಂದ ಮಾತ್ರಕ್ಕೆ ನಿಮಗೆ ಅಪ್ಪನ ಮೇಲೆ ಪ್ರೀತಿ ಕಡಿಮೆ ಇತ್ತು ಅಂತ ಯಾರಾದರೂ ಅಂದರೆ, ದಯವಿಟ್ಟು ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಹೌದು, ಉಪಯೋಗ ಇದೆ. ಚಿತ್ರ ಬಿಡಿಸಲು ಬರಲೇಬೇಕು ಅಂತೇನಿಲ್ಲ. ನಿಜ ಹೇಳಬೇಕೆಂದರೆ, ಚೆನ್ನಾಗಿ ಬಿಡಿಸುವವರಿಗೇ ಶುರುವಿನಲ್ಲಿ ಸ್ವಲ್ಪ ಕಷ್ಟ. ಅವರ ಗಮನ ಎಲ್ಲ ಚಿತ್ರ ಚಂದ ಬಂತಾ ಅನ್ನೋದರ ಮೇಲೇ ಇರುತ್ತದೆ.

ಡ್ರಾಯಿಂಗ್ ಕ್ಲಾಸಿಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು. ಕ್ಲಾಸಿನಲ್ಲಿ ಗುರಿ ಚಿತ್ರ. ಥೆರಪಿಯಲ್ಲಿ ಗುರಿ ನೀವು. ಅಲ್ಲಿ ತರಬೇತಿ ಪಡೆದ ಒಬ್ಬರು ಜೊತೆಗೆ ಕೂತಿರುತ್ತಾರೆ. ನೀವು ಕಾಗದ, ಬಣ್ಣ, ಮಣ್ಣು, ಬಟ್ಟೆ ಯಾವುದರಲ್ಲಾದರೂ ಏನೋ ಒಂದು ಮಾಡುತ್ತೀರಿ. ಆಮೇಲೆ ಇಬ್ಬರೂ ಅದನ್ನು ನೋಡುತ್ತಾ ಮಾತಾಡುತ್ತೀರಿ. ಮಾತು ಬರದಿದ್ದರೆ ಸುಮ್ಮನೆ ನೋಡುತ್ತೀರಿ, ಅಷ್ಟೇ. ಮಾರ್ಕ್ಸ್ ಇಲ್ಲ, ತಿದ್ದುವುದಿಲ್ಲ.

ಇದಕ್ಕೆ ಈ ಹೆಸರು ಬಂದದ್ದು ಒಬ್ಬ ರೋಗಿಯಿಂದ. ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಕಲಾವಿದರಿಗೆ 1938ರಲ್ಲಿ ಕ್ಷಯ ಬಂತು. ಆಗ ಕ್ಷಯಕ್ಕೆ ಸರಿಯಾದ ಔಷಧಿ ಇರಲಿಲ್ಲ. ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿರಬೇಕಿತ್ತು. ಅವರು ಹಾಸಿಗೆಯಲ್ಲೇ ಚಿತ್ರ ಬಿಡಿಸಲು ಶುರು ಮಾಡಿದರು. ತನಗೆ ಆದ ಅನುಕೂಲ ನೋಡಿ ಪಕ್ಕದ ಹಾಸಿಗೆಯವರಿಗೂ, ಯುದ್ಧದಿಂದ ಗಾಯಗೊಂಡು ಬಂದ ಸೈನಿಕರಿಗೂ ಹೇಳಿಕೊಟ್ಟರು. 1942ರಲ್ಲಿ ಇದನ್ನು 'ಆರ್ಟ್ ಥೆರಪಿ' ಎಂದು ಕರೆದರು. ಅಮೆರಿಕದಲ್ಲಿ ಹೆಚ್ಚುಕಡಿಮೆ ಅದೇ ಕಾಲಕ್ಕೆ ಮಾರ್ಗರೆಟ್ ನೌಮ್‌ಬರ್ಗ್ ಮತ್ತು ಈಡಿತ್ ಕ್ರೇಮರ್ ಎಂಬ ಇಬ್ಬರು ಹೆಂಗಸರು ಬೇರೆ ಬೇರೆ ದಾರಿಯಲ್ಲಿ ಇದನ್ನು ಬೆಳೆಸಿದರು. ಒಳಗಿರುವುದು ಚಿತ್ರದ ಮೂಲಕ ಮಾತಾಡುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು ಎಂಬುದು ನೌಮ್‌ಬರ್ಗ್ ಅವರ ದಾರಿ. ಮಾಡುವ ಕೆಲಸವೇ ಮನಸ್ಸನ್ನು ಸರಿ ಮಾಡುತ್ತದೆ ಎಂಬುದು ಕ್ರೇಮರ್ ಅವರ ದಾರಿ. ನಾನು ಎರಡನ್ನೂ ಬಳಸುತ್ತೇನೆ. ಆದರೆ ನಮ್ಮ ಕಡೆಯ ಜನಕ್ಕೆ, ಅದರಲ್ಲೂ ನಿಮ್ಮ ಹಾಗೆ ಮಾತು ಕಟ್ಟಿಹೋದವರಿಗೆ, ಎರಡನೆಯದೇ ಮೊದಲು ಹಿಡಿಸುತ್ತದೆ.

ಯಾಕೆ ಅಂದರೆ, ದುಃಖ ಯಾವಾಗಲೂ ಮಾತಿನ ರೂಪದಲ್ಲಿ ಇರುವುದಿಲ್ಲ. ಅದು ಎದೆ ಬಿಗಿತವಾಗಿ, ಮೂರು ಗಂಟೆಯ ಎಚ್ಚರವಾಗಿ, ಯಾವುದೋ ವಾಸನೆ ಬಂದಾಗ ಹೊಟ್ಟೆಯೊಳಗೆ ಏನೋ ಆಗುವುದಾಗಿ ಇರುತ್ತದೆ. 'ಹೇಗನ್ನಿಸ್ತಿದೆ ಹೇಳಿ' ಎಂದು ಎದುರಿಗೆ ಕೂತವರು ಕೇಳಿದರೆ ಏನು ಹೇಳುವುದು? ಕೈಗೆ ಒಂದು ಕೆಲಸ ಕೊಟ್ಟರೆ ಆ ಒತ್ತಡ ಇಳಿಯುತ್ತದೆ. ಎದುರಿನವರ ಕಣ್ಣು ನಿಮ್ಮ ಮುಖದ ಮೇಲಿರದೆ ಕಾಗದದ ಮೇಲಿರುತ್ತದೆ. ಒಳಗೆ ಆಕಾರವೇ ಇಲ್ಲದೆ ಸುತ್ತುತ್ತಿದ್ದದ್ದು ಹೊರಗೆ ಬಂದು ಮೇಜಿನ ಮೇಲೆ ಕೂರುತ್ತದೆ. ಅದನ್ನು ತಿರುಗಿಸಿ ನೋಡಬಹುದು, ದೂರ ಇಡಬಹುದು, ಮುಚ್ಚಿಡಬಹುದು. ಸಾವಿನ ಎದುರು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ಎಲ್ಲವೂ ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ಬಣ್ಣ, ಎಲ್ಲಿ ಕತ್ತರಿ, ಎಲ್ಲಿಗೆ ಸಾಕು, ಎಲ್ಲ ನೀವೇ ತೀರ್ಮಾನ ಮಾಡುತ್ತೀರಿ.

ಒಂದು ಉದಾಹರಣೆ ಕೊಡುತ್ತೇನೆ. ಯಾರೆಂದು ಗೊತ್ತಾಗದ ಹಾಗೆ ವಿವರ ಬದಲಿಸಿದ್ದೇನೆ. ಚಿತ್ರದುರ್ಗದ ಕಡೆಯ ಒಬ್ಬ ಹೆಂಗಸು ಗಂಡನನ್ನು ಕಳೆದುಕೊಂಡು ನನ್ನ ಹತ್ತಿರ ಬಂದರು. ಬಣ್ಣದ ಡಬ್ಬಿ ಮುಂದಿಟ್ಟರೆ ಮುಟ್ಟಲೇ ಇಲ್ಲ. 'ಇವೆಲ್ಲ ಹುಡುಗರ ಆಟ' ಅಂದರು. ಕೌದಿ ಹೊಲಿಯಲು ಬರುತ್ತಾ ಎಂದು ಕೇಳಿದೆ. 'ಅದ್ಯಾಕೆ ಬರಲ್ಲ' ಅಂದರು. ಮುಂದಿನ ಸಲ ಗಂಡನ ಹಳೆಯ ಅಂಗಿಗಳ ಗಂಟು ಕಟ್ಟಿಕೊಂಡು ಬಂದರು. ಬರೀ ಬಿಚ್ಚಿ ಮಡಚುವುದರಲ್ಲೇ ಅವತ್ತು ಹೊತ್ತು ಹೋಯಿತು. ಯಾವ ಅಂಗಿ ಕೊಳ್ಳೇಗಾಲದ ಮದುವೆಗೆ ಹೊಲಿಸಿದ್ದು, ಯಾವುದು ಹೊಲಕ್ಕೆ ಹೋಗುವಾಗ ಹಾಕುತ್ತಿದ್ದದ್ದು, ಎಲ್ಲ ತಾವಾಗಿಯೇ ಹೇಳಿದರು. ಆಮೇಲೆ ಕತ್ತರಿ ಹಾಕಲು ಶುರುವಾಯಿತು. ಒಂದು ನೀಲಿ ಚೌಕಳಿ ಅಂಗಿಯ ಹತ್ತಿರ ಕೈ ನಿಂತಿತು. ಎಡಗಡೆಯ ಜೇಬಿನ ಅಂಚು ಸವೆದಿತ್ತು, ಬೀಡಿ ಕಟ್ಟು ಇಟ್ಟೂ ಇಟ್ಟೂ. ಜೇಬನ್ನು ಕತ್ತರಿಸಲು ಆಗಲಿಲ್ಲ. ಬಹಳ ಹೊತ್ತು ಹೆಬ್ಬೆರಳಲ್ಲಿ ಅದನ್ನು ಸವರುತ್ತಾ ಕೂತರು. ಕೊನೆಗೆ ಜೇಬು ಹಾಗೇ ಉಳಿಯುವಂತೆ ಸುತ್ತಲೂ ದೊಡ್ಡ ಚೌಕ ಕತ್ತರಿಸಿ, ಕೌದಿಯ ನಡುವೆ ಇಟ್ಟು, ಸುತ್ತ ದಾರ ಹಾಕಿದರು. ಬಾಯಿ ಮಾತ್ರ ಹೊಲಿಯಲಿಲ್ಲ. ಅದರೊಳಗೆ ಕೈ ಹಾಕಬಹುದು. ಅವತ್ತು ಅವರು ಅತ್ತರು. ನಾನು ಏನೂ ಕೇಳಿರಲಿಲ್ಲ.

ಆ ಕೌದಿಯನ್ನು ಯಾವ ಗ್ಯಾಲರಿಯಲ್ಲೂ ಇಡುವುದಿಲ್ಲ. ಆದರೆ ಆರ್ಟ್ ಥೆರಪಿ ಎಂದರೆ ಅದೇ. ನಿಮ್ಮ ಕಡೆ ಕೌದಿ ಇದೆ, ಚುಕ್ಕಿ ರಂಗೋಲಿ ಇದೆ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಅಭ್ಯಾಸ ಇದೆ, ತಾಂಡಾಗಳಲ್ಲಿ ಲಂಬಾಣಿ ಕಸೂತಿ ಇದೆ. ಕೈಗೆ ಮೊದಲೇ ಗೊತ್ತಿರುವ ಕೆಲಸದಿಂದ ಶುರು ಮಾಡಿದರೆ 'ನನಗೆ ಬರಲ್ಲ' ಎಂಬ ಹೆದರಿಕೆ ಅರ್ಧ ಹೋಗುತ್ತದೆ.

ಇದಕ್ಕೆ ಆಧಾರ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 39 ಜನ ದೊಡ್ಡವರು 45 ನಿಮಿಷ ತಮಗೆ ಬೇಕಾದ್ದನ್ನು ಮಾಡಿದರು. ಕೆಲವರು ಮಣ್ಣು, ಕೆಲವರು ಮಾರ್ಕರ್, ಕೆಲವರು ಕೊಲಾಜ್, ಅಂದರೆ ಕಾಗದದ ತುಂಡು ಕತ್ತರಿಸಿ ಅಂಟಿಸಿ ಮಾಡುವ ಚಿತ್ರ. ಮೊದಲು ಮತ್ತು ಆಮೇಲೆ ಎಂಜಲಿನಲ್ಲಿ ಕಾರ್ಟಿಸೋಲ್ ನೋಡಿದರು. ಒತ್ತಡ ಇದ್ದಾಗ ಏರುವ ಹಾರ್ಮೋನ್ ಅದು. ಸುಮಾರು 75 ಪರ್ಸೆಂಟ್ ಜನರಲ್ಲಿ ಅದು ಇಳಿದಿತ್ತು. ನಿಮಗೆ ಬೇಕಾದ ಮಾತು ಇಲ್ಲಿದೆ: ಮೊದಲು ಚಿತ್ರ ಬಿಡಿಸಿ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಇದು ಸಣ್ಣ ಅಧ್ಯಯನ. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಹಾಗಾಗಿ ಇದೊಂದನ್ನೇ ಹಿಡಿದು ಜಾಸ್ತಿ ಹೇಳಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 900ಕ್ಕೂ ಹೆಚ್ಚು ಪ್ರಕಟಣೆಗಳನ್ನು ಸೇರಿಸಿ ಒಂದು ವರದಿ ತಂದಿತು. ಒಟ್ಟಾರೆ ಅನುಕೂಲ ಇದೆ ಎಂದೇ ಅದರ ಅಭಿಪ್ರಾಯ.

ಇನ್ನೊಂದು ಬದಿಯನ್ನೂ ಹೇಳಬೇಕು. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವ 417 ಜನರ ಮೇಲೆ ಬ್ರಿಟನ್‌ನಲ್ಲಿ ದೊಡ್ಡ ಪ್ರಯೋಗ ನಡೆದು 2012ರಲ್ಲಿ ಪ್ರಕಟವಾಯಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಗುಂಪಿನಲ್ಲಿ ಆರ್ಟ್ ಥೆರಪಿ ಕೊಟ್ಟರೂ ಅವರಲ್ಲಿ ಹೆಚ್ಚಿನ ಸುಧಾರಣೆ ಕಾಣಲಿಲ್ಲ. ಎಲ್ಲ ಕಾಯಿಲೆಗೂ ಇದೇ ಮದ್ದು ಅನ್ನುವವರನ್ನು ನಂಬಬೇಡಿ. ಮಾತ್ರೆ ಬಿಟ್ಟು ಬಣ್ಣ ಹಚ್ಚಿ ಅನ್ನುವವರಿಂದ ದೂರ ಇರಿ. ದುಃಖ, ಆತಂಕ, ಒತ್ತಡ ಇಂಥ ಕಡೆ ಇದು ಒಳ್ಳೆಯ ಜೊತೆಗಾರ.

ಮನೆಯಲ್ಲಿ ಹೇಗೆ ಶುರು ಮಾಡುವುದು? ಇಲ್ಲಿ ಯಾವ ಸಾಮಾನು ಹಿಡಿಯುತ್ತೀರಿ ಅನ್ನೋದು ತುಂಬಾ ಮುಖ್ಯ. ನೀರು ಬಣ್ಣ, ಒದ್ದೆ ಮಣ್ಣು ಇವು ಹಿಡಿತಕ್ಕೆ ಸಿಗದೆ ಹರಿಯುತ್ತವೆ. ಭಾವನೆಯನ್ನೂ ಬೇಗ ಮೇಲೆಬ್ಬಿಸುತ್ತವೆ. ಪೆನ್ಸಿಲ್, ಸ್ಕೆಚ್ ಪೆನ್, ಕತ್ತರಿ, ಅಂಟು ಇವು ನಿಮ್ಮ ಹಿಡಿತದಲ್ಲಿ ಇರುತ್ತವೆ. 14 ತಿಂಗಳು ತಡೆದಿಟ್ಟ ದುಃಖವನ್ನು ಒಬ್ಬರೇ ಕೂತು, ರಾತ್ರಿ ಹೊತ್ತು, ನೀರು ಬಣ್ಣದಲ್ಲಿ ಬಿಚ್ಚಲು ಹೋಗಬೇಡಿ. ಅದು ಜೊತೆಯಲ್ಲಿ ಯಾರಾದರೂ ಇದ್ದಾಗ ಆಗಲಿ. ಮೊದಲಿಗೆ ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆ, ಪೇಪರಿನ ಭಾನುವಾರದ ಪುರವಣಿ, ಕ್ಯಾಲೆಂಡರ್ ಇವನ್ನು ತೆಗೆದುಕೊಳ್ಳಿ. ಕಣ್ಣಿಗೆ ಹಿಡಿಸಿದ ಬಣ್ಣ, ಆಕಾರ ಕತ್ತರಿಸಿ ಒಂದು ರಟ್ಟಿನ ಮೇಲೆ ಜೋಡಿಸಿ. ಅರ್ಥ ಹುಡುಕಬೇಡಿ. ಅಂಟಿಸುವ ಮೊದಲು ಬೇಕಾದಷ್ಟು ಸಲ ಜಾಗ ಬದಲಿಸಿ.

ಖಾಲಿ ಹಾಳೆ ನೋಡಿದರೆ ಎದೆ ಹೊಡೆದುಕೊಳ್ಳುತ್ತೆ ಅನ್ನುವವರಿಗೆ ಇನ್ನೊಂದು ದಾರಿ. 2005ರಲ್ಲಿ ಅಮೆರಿಕದ 84 ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು. ಮಂಡಲದ ಹಾಗೆ ಇರುವ ವಿನ್ಯಾಸಕ್ಕೋ ಚೌಕಳಿ ವಿನ್ಯಾಸಕ್ಕೋ ಬಣ್ಣ ತುಂಬಿದವರ ಆತಂಕ, ಖಾಲಿ ಹಾಳೆಯಲ್ಲಿ ಇಷ್ಟ ಬಂದಂತೆ ಬಣ್ಣ ಹಚ್ಚಿದವರಿಗಿಂತ ಚೆನ್ನಾಗಿ ಇಳಿಯಿತು. ಚೌಕಟ್ಟು ಮೊದಲೇ ಇದ್ದರೆ ಮನಸ್ಸಿಗೆ ಆನಿಸಿಕೊಳ್ಳಲು ಏನೋ ಸಿಗುತ್ತದೆ. ರಂಗೋಲಿ ಮೇಲೆ ಆ ಪ್ರಯೋಗ ಮಾಡಿರಲಿಲ್ಲ, ಆದರೆ ಚುಕ್ಕಿ ಇಟ್ಟು ಎಳೆ ಎಳೆಯುವ ಕೈಗೆ ಇದು ಹೊಸದಲ್ಲ ಅಲ್ವಾ? ಒಂದು ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ರಂಗೋಲಿ ಬಿಡಿಸಿ, ಬಣ್ಣ ತುಂಬಿ. ಮೂರು ಗಂಟೆಗೆ ಎಚ್ಚರವಾದಾಗ ಮೊಬೈಲ್ ಹಿಡಿಯುವ ಬದಲು ಇದನ್ನು ಹಿಡಿಯಬಹುದು.

ಯಾವಾಗಲೂ ದುಃಖವನ್ನೇ ಬಿಡಿಸಬೇಕು ಎಂಬ ನಿಯಮವೂ ಇಲ್ಲ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗಗಳಲ್ಲಿ, ಬೇಜಾರಾದ ಜನ ಆ ಬೇಜಾರನ್ನೇ ಬಿಡಿಸಿದಾಗ ಸಿಕ್ಕಿದ್ದಕ್ಕಿಂತ, ಬೇರೆ ಯಾವುದೋ ವಸ್ತು ಬಿಡಿಸಿದಾಗ ಆ ಹೊತ್ತಿಗೆ ಹೆಚ್ಚು ನೆಮ್ಮದಿ ಸಿಕ್ಕಿತು. ಹಾಗಾಗಿ ಇವತ್ತು ಅಪ್ಪನ ನೆನಪು ಬೇಡ ಅನಿಸಿದರೆ ತುಂಗಭದ್ರೆ ದಡದ ಕಲ್ಲು ಬಿಡಿಸಿ, ಬೆಂಡೆಕಾಯಿ ಬಿಡಿಸಿ. ತಪ್ಪಿಸಿಕೊಳ್ಳುತ್ತಿದ್ದೀನಿ ಅಂದುಕೊಳ್ಳಬೇಡಿ. ದಣಿದ ಮನಸ್ಸಿಗೆ ವಿಶ್ರಾಂತಿಯೂ ಬೇಕು. ಅಪ್ಪನ ಹತ್ತಿರ ಹೋಗುವ ದಿನ, ಅವರ ಮುಖ ಬಿಡಿಸಲು ಹೋಗಬೇಡಿ. ಅವರ ಕನ್ನಡಕ, ಟಿಫಿನ್ ಕ್ಯಾರಿಯರ್, ಮಿಲ್ಲಿನಿಂದ ಬಂದಾಗ ಅಂಗಿಗೆ ಅಂಟಿರುತ್ತಿದ್ದ ಹತ್ತಿ, ಇಂಥದೊಂದು ಸಾಕು. ಅವರ ಬಟ್ಟೆ ಟ್ರಂಕಿನಲ್ಲಿ ಇದ್ದರೆ ಇರಲಿ. ಕೌದಿಯ ಕಥೆ ಓದಿ ನಾಳೆಯೇ ಕತ್ತರಿ ಹಿಡಿಯಬೇಡಿ. ಅಮ್ಮ, ಅಣ್ಣ ತಮ್ಮಂದಿರನ್ನೂ ಒಂದು ಮಾತು ಕೇಳಿ.

ಮಾಡಿದ್ದರ ಹಿಂದೆ ತಾರೀಕು ಬರೆದಿಡಿ. ತಕ್ಷಣ ಹರಿದು ಹಾಕಬೇಡಿ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಬೇಡಿ. 'ಸೂಪರ್' ಅಂತ ನಾಲ್ಕು ಜನ ಅಂದರೆ ಮುಂದಿನ ಸಲ ಕೈ ಅವರಿಗೋಸ್ಕರ ಬಿಡಿಸಲು ಶುರು ಮಾಡುತ್ತದೆ. ಮಾಡುತ್ತಾ ಉಸಿರು ಕಟ್ಟಿದ ಹಾಗಾದರೆ, ಕೈ ನಡುಗಿದರೆ ನಿಲ್ಲಿಸಿ, ಮುಖಕ್ಕೆ ನೀರು ಹಾಕಿಕೊಂಡು ಯಾರ ಹತ್ತಿರವಾದರೂ ಹೋಗಿ ಕೂರಿ.

ಈಗ ಮಗನ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ನಿಮ್ಮ ಮೇಲಲ್ಲ. ಕಪ್ಪು ಎಂದರೆ ಖಿನ್ನತೆ, ಕೆಂಪು ಎಂದರೆ ಕೋಪ, ಬಾಗಿಲಿಲ್ಲದ ಮನೆ ಎಂದರೆ ಒಂಟಿತನ ಅಂತ ಹೇಳುವ ವಿಡಿಯೋಗಳು ಮೊಬೈಲ್ ತುಂಬಾ ಇವೆ. ಅದನ್ನು ನೋಡಿ ಹೆದರಿಕೊಂಡು ಬರುವ ತಾಯಂದಿರು ಬಹಳ. ಹಾಗೆ ಒಂದು ಬಣ್ಣಕ್ಕೆ ಒಂದು ಅರ್ಥ ಕಟ್ಟಲು ಯಾವ ಗಟ್ಟಿ ಆಧಾರವೂ ಇಲ್ಲ. ಕಪ್ಪು ಕ್ರೇಯಾನ್ ಬಿಳಿ ಹಾಳೆ ಮೇಲೆ ಗಾಢವಾಗಿ ಕಾಣುತ್ತದೆ, ಅದಕ್ಕೇ ಮಕ್ಕಳಿಗೆ ಇಷ್ಟ. ಡಬ್ಬಿಯಲ್ಲಿ ಬೇರೆ ಬಣ್ಣ ಮುರಿದುಹೋಗಿರಬಹುದು. ಮಿಲ್ಲಿನ ಹೊಗೆ ಕುಡಿದು ಅಜ್ಜನ ಮನೆಯ ಗೋಡೆ ನಿಜಕ್ಕೂ ಕಪ್ಪಾಗಿದ್ದಿರಬಹುದು. ದುಃಖವೂ ಇರಬಹುದು. ಯಾವುದು ಅಂತ ಗೊತ್ತಿರುವುದು ಅವನೊಬ್ಬನಿಗೇ.

ಹಾಗಾಗಿ ಕೇಳಿ. 'ಯಾಕೆ ಕಪ್ಪು?' ಎಂದು ಕೇಳಬೇಡಿ, ತಪ್ಪು ಮಾಡಿದೆ ಅಂದುಕೊಳ್ಳುತ್ತಾನೆ. 'ಇದರ ಬಗ್ಗೆ ಹೇಳು' ಅನ್ನಿ. 'ಈ ಮನೆಯಲ್ಲಿ ಈಗ ಯಾರಿದ್ದಾರೆ?', 'ಒಳಗೆ ಹೋಗಬೇಕಾದರೆ ಎಲ್ಲಿಂದ ಹೋಗಬೇಕು?' ಅನ್ನಿ. 'ಹಿತ್ತಲಲ್ಲಿ ಬಾಗಿಲಿದೆ, ನಿಂಗೆ ಕಾಣ್ತಿಲ್ಲ ಅಷ್ಟೇ' ಎಂದು ಅವನು ಹೇಳಿದರೂ ಆಶ್ಚರ್ಯವಿಲ್ಲ. 9 ವರ್ಷಕ್ಕೆ ಸಾವು ಎಂದರೆ ವಾಪಸ್ ಬರುವುದಿಲ್ಲ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಅವರು ದೊಡ್ಡವರ ಹಾಗೆ ಒಂದೇ ಸಮನೆ ದುಃಖದಲ್ಲಿ ಇರುವುದಿಲ್ಲ. ಈಗ ಅಜ್ಜನ ಮಾತು, ಮುಂದಿನ ನಿಮಿಷಕ್ಕೆ ಕ್ರಿಕೆಟ್. ಅದು ಸಹಜ.

ಇಬ್ಬರೂ ಸೇರಿ ಆಡಲು ಒಂದು ಆಟ ಹೇಳುತ್ತೇನೆ. ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು ಬಳಸುತ್ತಿದ್ದದ್ದು. ನೀವು ಕಣ್ಣು ಮುಚ್ಚಿ ಹಾಳೆ ಮೇಲೆ ಒಂದು ಗೀಚು ಗೀಚಿ. ಅವನು ಅದನ್ನು ಏನಾದರೂ ಮಾಡಲಿ, ಹಾವೋ, ಬಸ್ಸೋ, ಮೂಗೋ. ಆಮೇಲೆ ಅವನು ಗೀಚಲಿ, ನೀವು ಮಾಡಿ. ನಿಮಗೆ ಬಿಡಿಸಲು ಬರುವುದಿಲ್ಲ ಎಂಬುದು ಇಲ್ಲಿ ಲಾಭವೇ. ಅಮ್ಮನ ಚಿತ್ರ ನೋಡಿ ಅವನು ನಗುತ್ತಾನೆ, ನಗುನಗುತ್ತಲೇ ಮಾತು ಬರುತ್ತದೆ. ಅಪ್ಪನ ಬಗ್ಗೆ ನಿಮಗೆ ಬರದ ಮಾತು ಅಲ್ಲೇ ಬಂದರೂ ಬಂತು.

ಅವನು ಊಟ ಬಿಟ್ಟರೆ, ಶಾಲೆಗೆ ಹೋಗಲು ಒಪ್ಪದಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, 'ನಾನೂ ಅಜ್ಜನ ಹತ್ತಿರ ಹೋಗ್ತೀನಿ' ಅಂದರೆ, ಆಗ ಚಿತ್ರ ನೋಡುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಿಮ್ಮನ್ನೂ ಡಾಕ್ಟರ್ ಒಮ್ಮೆ ನೋಡಬೇಕು. ಬಿಡದೆ ಬೆಳಗಿನ ಜಾವ ಎಚ್ಚರವಾಗುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ತುಂಬಾ ದಿನ ಎಳೆಯುವ ತೀವ್ರ ದುಃಖವನ್ನು ಈಗ ವೈದ್ಯಶಾಸ್ತ್ರ ಪ್ರತ್ಯೇಕ ತೊಂದರೆ ಎಂದೇ ಗುರುತಿಸುತ್ತದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಅದಕ್ಕೆ ಕನಿಷ್ಠ 6 ತಿಂಗಳ ಅವಧಿ ಇಟ್ಟಿದ್ದಾರೆ. ನಿಮಗೆ ಅದೇ ಇದೆ ಎಂದು ನಾನು ಪತ್ರ ನೋಡಿ ಹೇಳಲಾರೆ. ಎದುರಿಗೆ ಕೂತು ಕೇಳಿಯೇ ತಿಳಿಯಬೇಕು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋರೋಗ ತಪಾಸಣೆ ನಡೆಸುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ, ಹರಿಹರದ ಆಸ್ಪತ್ರೆಯಲ್ಲಿ ವಿಚಾರಿಸಿ. ರಾತ್ರಿ ಮೂರಕ್ಕೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಮಾಡಿ.

ತರಬೇತಿ ಇರುವ ಆರ್ಟ್ ಥೆರಪಿಸ್ಟ್‌ಗಳು ನಮ್ಮ ಜಿಲ್ಲೆಗಳಲ್ಲಿ ಕಡಿಮೆ, ಬೆಂಗಳೂರಿನಲ್ಲಿ ಜಾಸ್ತಿ. ಕೆಲವರು ವಿಡಿಯೋ ಕಾಲ್‌ನಲ್ಲೂ ಮಾಡುತ್ತಾರೆ. ಯಾರ ಹತ್ತಿರ ಹೋದರೂ ಮೊದಲೇ ಕೇಳಿ: ಎಲ್ಲಿ ಕಲಿತಿರಿ, ಎಷ್ಟು ದಿನದ ಕೋರ್ಸ್, ಮನಶ್ಶಾಸ್ತ್ರವನ್ನೂ ಓದಿದ್ದೀರಾ, ನಾನು ಮಾಡಿದ ಚಿತ್ರ ಯಾರ ಬಳಿ ಇರುತ್ತದೆ? ವಾರಾಂತ್ಯದ ವರ್ಕ್‌ಶಾಪ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಚಿತ್ರ ನೋಡಿದ ಕೂಡಲೇ ನಿಮ್ಮ ಸ್ವಭಾವ ಹೇಳುವವರಾದರೆ ಎದ್ದು ಬನ್ನಿ. ಒಬ್ಬರೂ ಸಿಗದಿದ್ದರೆ, ಒಳ್ಳೆಯ ಕೌನ್ಸೆಲರ್ ಹತ್ತಿರ ನಿಮ್ಮ ರಟ್ಟಿನ ಕೊಲಾಜನ್ನೇ ತೆಗೆದುಕೊಂಡು ಹೋಗಿ. 'ಮಾತು ಬರ್ತಿಲ್ಲ, ಇದನ್ನ ಮಾಡಿದ್ದೀನಿ' ಅಂದರೆ ಸಾಕು, ಅಲ್ಲಿಂದ ಶುರು ಮಾಡಬಹುದು.

ಕೊನೆಗೆ, ಮಗನ ಚಿತ್ರ ಕ್ಲಾಸ್ ಟೀಚರ್‌ಗೆ ತೋರಿಸಲಾ ಎಂದು ಕೇಳಿದ್ದೀರಿ. ಅಜ್ಜ ತೀರಿಹೋದ ವಿಷಯ, ಮಗ ಅವರನ್ನು ತುಂಬಾ ಹಚ್ಚಿಕೊಂಡಿದ್ದ ಎಂಬುದನ್ನು ಟೀಚರ್‌ಗೆ ಖಂಡಿತ ಹೇಳಿ, ಅವರಿಗೆ ಗೊತ್ತಿದ್ದರೆ ಒಳ್ಳೆಯದು. ಚಿತ್ರ ಮಾತ್ರ ಅವನದು. ತೋರಿಸಬಹುದಾ ಎಂದು ಅವನನ್ನೇ ಕೇಳಿ. ಬೇಡ ಅಂದರೆ ಬೇಡ.